‘ಟೇಕ್ ದಿ ಎ ಟ್ರೇನ್’ ಹಾಡಿನ ಕಾರ್ಡ್‌ಗಳನ್ನ ಬಿಡಿಸಿ ನೋಡೋದು ಹೇಗೆ

ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಮೂರ್ನಾಲ್ಕು ಸ್ವರಗಳ ಗುಂಪು, ಅದನ್ನ ಹಾಕೋದು ಬೇರೆ, ಆ ಕಾರ್ಡ್ ಅಲ್ಲಿ ಯಾಕೆ ಬಂತು ಅಂತ ಗೊತ್ತಿರೋದು ಬೇರೆ. ಮೈಸೂರಲ್ಲಿ ಕೀಬೋರ್ಡು, ಗಿಟಾರು ಚೆನ್ನಾಗಿ ನುಡಿಸೋರು ಎಷ್ಟೋ ಜನ ಇದಾರೆ, ಗಣೇಶನ ಹಬ್ಬ ಬಂತು ಅಂದ್ರೆ ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡು ಅಂತ ಆರ್ಕೆಸ್ಟ್ರಾ ಜತೆ ಸುತ್ತಿ ರಾತ್ರಿಯೆಲ್ಲ ಸಿನಿಮಾ ಹಾಡಿಗೆ ಕಾರ್ಡ್ ಹಾಕ್ತಾರೆ, ಅಂಥವರ ಕೈಗೆ ಒಂದು ಜಾಝ್ ಚಾರ್ಟ್ (ಹಾಡಿನ ಕಾರ್ಡ್‌ಗಳನ್ನ ಬರೆದಿರೋ ಹಾಳೆ) ಕೊಟ್ರೆ ಮಾತ್ರ "ಇದ್ರಲ್ಲಿ ಬರೀ ಸೆವೆನ್ನು, ಫ್ಲಾಟು, ಶಾರ್ಪು, ನಮ್ ಕೈಲಿ ಆಗೋದಲ್ಲ" ಅಂತ ಪಕ್ಕಕ್ಕಿಟ್ಬಿಡ್ತಾರೆ. ಆಗತ್ತೆ ಕಣ್ರೀ. ಸ್ವಿಂಗ್ ಕಾಲದ ಹಾಡುಗಳು, ಅಂದ್ರೆ ಸುಮಾರು 1935ರಿಂದ 1945ರ ತನಕ ಅಮೆರಿಕದಲ್ಲಿ ದೊಡ್ಡ ದೊಡ್ಡ ಬ್ಯಾಂಡ್‌ಗಳು ಡ್ಯಾನ್ಸ್ ಹಾಲ್‌ಗಳಲ್ಲಿ ನುಡಿಸ್ತಿದ್ದ ಹಾಡುಗಳು, ಕಾರ್ಡ್ ಲೆಕ್ಕದಲ್ಲಿ ತುಂಬಾ ಸ್ಪಷ್ಟ. ಹಿಂದಿನಿಂದ ಓದೋದನ್ನ ಕಲಿತ್ರೆ ಸಾಕು. ಮೊದ್ಲು ಹಾಡು ಎಲ್ಲಿ ಬಂದು ಕೂರತ್ತೆ ನೋಡ್ಕೊಳ್ಳೋದು, ಆಮೇಲೆ ಅಲ್ಲಿಗೆ ಕರ್ಕೊಂಡು ಬಂದ ಕಾರ್ಡ್ ಯಾವ್ದು, ಅದಕ್ಕೂ ಹಿಂದಿಂದು ಯಾವ್ದು ಅಂತ ಒಂದೊಂದೇ ಹೆಜ್ಜೆ ವಾಪಸ್ ಹೋಗೋದು. ಇಷ್ಟೇ ವಿಧಾನ, ಉಳಿದಿದ್ದೆಲ್ಲ ಇದರ ವಿವರ.

ಉದಾಹರಣೆಗೆ ತಗೊಂಡಿರೋದು ಟೇಕ್ ದಿ ಎ ಟ್ರೇನ್. ಬರೆದಿದ್ದು ಬಿಲ್ಲಿ ಸ್ಟ್ರೇಹಾರ್ನ್, 1939ರಲ್ಲಿ, ಡ್ಯೂಕ್ ಎಲಿಂಗ್ಟನ್ ಬ್ಯಾಂಡು ಅದನ್ನ ರೆಕಾರ್ಡ್ ಮಾಡಿದ್ದು 1941ರ ಫೆಬ್ರವರಿಯಲ್ಲಿ. ಎ ಟ್ರೇನ್ ಅಂದ್ರೆ ನ್ಯೂಯಾರ್ಕ್ ಸಬ್‌ವೇಲಿ ಹಾರ್ಲೆಮ್ ಕಡೆಗೆ ಹೋಗೋ ರೈಲು. 1941ರಲ್ಲಿ ಹಾಡು ಬರೆಯೋರ ಸಂಘ ಆಸ್ಕ್ಯಾಪ್‌ಗೂ ರೇಡಿಯೋದವರಿಗೂ ದುಡ್ಡಿನ ವಿಷಯಕ್ಕೆ ಜಗಳ ಆಗಿ ಆ ಸಂಘದ ಸದಸ್ಯರ ಹಾಡು ರೇಡಿಯೋದಲ್ಲಿ ಬರೋ ಹಾಗೇ ಇರ್ಲಿಲ್ಲ, ಎಲಿಂಗ್ಟನ್ ಸದಸ್ಯ ಆಗಿದ್ದರಿಂದ ಅವರ ಹಾಡುಗಳೆಲ್ಲ ನಿಂತೋದ್ವು, ಸ್ಟ್ರೇಹಾರ್ನ್ ಆಗಿನ್ನೂ ಸದಸ್ಯ ಆಗಿರ್ಲಿಲ್ಲ, ಹಾಗಾಗಿ ಅವರು ಬರೆದ ಈ ಹಾಡು ಮುಂದೆ ಬಂತು, ಕೊನೆಗೆ ಆ ಬ್ಯಾಂಡಿನ ಗುರುತಿನ ಹಾಡೇ ಆಗೋಯ್ತು. ಅನಾಲಿಸಿಸ್ ಕಲಿಯೋಕ್ಕೆ ಇದು ಯಾಕೆ ಒಳ್ಳೇದು ಅಂದ್ರೆ ಮುಖ್ಯವಾದ ಕಾರ್ಡ್‌ಗಳು ಐದೇ ಐದು, ಅದ್ರಲ್ಲಿ ಒಂದು ಮಾತ್ರ ಕಿವಿ ನಿಮಿರಿಸೋ ಅಂಥದ್ದು. ಆ ಒಂದನ್ನ ಸರಿಯಾಗಿ ಅರ್ಥ ಮಾಡ್ಕೊಂಡ್ರೆ ಇನ್ನೂ ಹತ್ತಾರು ಹಾಡು ಅರ್ಥ ಆಗತ್ತೆ.

ಮೊದಲು ಚಾರ್ಟ್ ನೋಡ್ಬೇಡಿ. ದಯವಿಟ್ಟು. ಇಂಟರ್ನೆಟ್ಟಲ್ಲಿ ಚಾರ್ಟ್ ಸಿಗತ್ತೆ, ಅರ್ಧ ನಿಮಿಷದ ಕೆಲಸ, ಆದ್ರೆ ಕಣ್ಣಲ್ಲಿ ಮೊದ್ಲು ನೋಡಿದ್ರೆ ಕಿವಿ ಕೆಲಸ ಮಾಡಲ್ಲ. 1941ರ ರೆಕಾರ್ಡಿಂಗೇ ಹುಡುಕಿ ಹಾಕ್ಕೊಳ್ಳಿ, ಮೂರು ನಿಮಿಷದ ಒಳಗೇ ಮುಗಿಯತ್ತೆ, ಒಳ್ಳೆ ಇಯರ್‌ಫೋನ್ ಇರ್ಲಿ, ಯಾಕಂದ್ರೆ ಫೋನ್ ಸ್ಪೀಕರಲ್ಲಿ ಬೇಸ್ ಕೇಳ್ಸಲ್ಲ, ನಮಗೆ ಬೇಕಾಗಿರೋದೇ ಬೇಸು. ಮೊದಲ ಸಲ ಬರೀ ತಾಳ ಹಾಕಿ. ಕರ್ನಾಟಕ ಸಂಗೀತ ಒಂದಿಷ್ಟು ಕಲಿತಿರೋರು ಹಾಡಿನ ಒಂದು ಬೀಟಿಗೆ ಒಂದು ಅಕ್ಷರ ಅಂತ ಇಟ್ಕೊಂಡು ಆದಿತಾಳ ಹಾಕಿ ನೋಡಿ, ಬಹಳ ಚೆನ್ನಾಗಿ ಕೂರತ್ತೆ. ಒಂದು ಬಾರ್ ಅಂದ್ರೆ ನಾಲ್ಕು ಬೀಟು, ಎರಡು ಬಾರ್ ಸೇರಿದ್ರೆ ಎಂಟು, ಅಲ್ಲಿಗೆ ಒಂದು ಆವರ್ತ.

ಪಿಯಾನೋದ ನಾಲ್ಕು ಬಾರ್ ಮುನ್ನುಡಿ ಆದ್ಮೇಲೆ ಸ್ಯಾಕ್ಸೋಫೋನ್‌ಗಳೆಲ್ಲ ಒಟ್ಟಿಗೆ ರಾಗ ಎತ್ಕೊಳ್ತವೆ, ಟ್ರಂಪೆಟ್, ಟ್ರಾಂಬೋನ್‌ಗಳು ಮಧ್ಯೆ ಮಧ್ಯೆ ಉತ್ತರ ಕೊಡ್ತಿರ್ತವೆ. ಅಲ್ಲಿಂದ ಎಣಿಸಿ. ನಾಲ್ಕು ಆವರ್ತಕ್ಕೆ ಒಂದು ಮಾತು ಮುಗಿದ ಹಾಗೆ ಕೇಳ್ಸತ್ತೆ, ಮತ್ತೆ ಅದೇ ಮಾತು ನಾಲ್ಕು ಆವರ್ತ, ಆಮೇಲೆ ಬೇರೆ ಕಡೆ ಹೋಗತ್ತೆ ನಾಲ್ಕು ಆವರ್ತ, ಮತ್ತೆ ಮೊದಲಿನ ಮಾತಿಗೇ ವಾಪಸ್. ಒಟ್ಟು ಹದಿನಾರು ಆವರ್ತ, ಅಂದ್ರೆ 32 ಬಾರ್. ಇದನ್ನೇ ಅವರು ಎಎಬಿಎ ಅಂತ ಕರೀತಾರೆ, ಆ ಬಿ ಭಾಗಕ್ಕೆ ಬ್ರಿಡ್ಜ್ ಅಂತಾರೆ. ಆ ಕಾಲದ ಅಮೆರಿಕನ್ ಹಾಡುಗಳಲ್ಲಿ ತುಂಬಾ ಹಾಡು ಇದೇ ಅಚ್ಚಲ್ಲಿ ಇದಾವೆ. ಒಂದು ಸುತ್ತು ಮುಗಿದ್ರೆ ಅದಕ್ಕೆ ಕೋರಸ್ ಅಂತ ಹೆಸರು, ಆಮೇಲೆ ಸೋಲೋ ನುಡಿಸೋರು ಇದೇ 32 ಬಾರಿನ ಕಾರ್ಡ್‌ಗಳ ಮೇಲೆ ಹೊಸದಾಗಿ ಕಟ್ತಾ ಹೋಗ್ತಾರೆ, ಈ ರೆಕಾರ್ಡಿಂಗಲ್ಲಿ ಎರಡನೇ ಸುತ್ತಲ್ಲಿ ರೇ ನ್ಯಾನ್ಸ್ ಟ್ರಂಪೆಟ್ ನುಡಿಸಿರೋದು ಹಾಗೇನೇ.

ಎರಡನೇ ಸಲ ಕೇಳುವಾಗ ಬೇಸ್ ಮಾತ್ರ ಹಿಡೀರಿ. ನುಡಿಸಿರೋದು ಜಿಮ್ಮಿ ಬ್ಲಾಂಟನ್, ಒಂದೊಂದು ಸ್ವರನೂ ದುಂಡಗೆ ಕೇಳ್ಸತ್ತೆ. ಬಾರಿನ ಮೊದಲ ಬೀಟಲ್ಲಿ ಬೇಸ್ ಎಲ್ಲಿ ಬೀಳತ್ತೋ ಹೆಚ್ಚಿನ ಸಲ ಅದೇ ಕಾರ್ಡಿನ ರೂಟು, ಅಂದ್ರೆ ಕಾರ್ಡಿಗೆ ಹೆಸರು ಕೊಡೋ ಸ್ವರ. ರೂಲ್ ಹಾಕಿರೋ ಪುಸ್ತಕದಲ್ಲಿ ಒಂದು ಸಾಲಿಗೆ ಒಂದು ಆವರ್ತ ಅಂತ ಮಾಡ್ಕೊಂಡು ಬರೀತಾ ಹೋಗಿ. ಸ್ಪೀಡ್ ಜಾಸ್ತಿ ಅನ್ಸಿದ್ರೆ ಯೂಟ್ಯೂಬಲ್ಲೇ 0.75ಕ್ಕೆ ಇಳಿಸ್ಕೊಳ್ಳಿ, ಶ್ರುತಿ ಬದಲಾಗಲ್ಲ. ರೂಟ್ ಸಿಕ್ಕಿದ್ಮೇಲೆ ಅದರ ಮೇಲೆ ಮೇಜರ್ ಕೂರತ್ತಾ ಮೈನರ್ ಕೂರತ್ತಾ ಅಂತ ಕೀಬೋರ್ಡಲ್ಲಿ ಎರಡನ್ನೂ ಒತ್ತಿ ನೋಡಿ. ಇಲ್ಲಿ ಅವಸರ ಬೇಡ, ನಾಲ್ಕು ಬಾರಿಗೆ ಒಂದು ಸಂಜೆ ಹಿಡಿದ್ರೂ ಪರವಾಗಿಲ್ಲ.

ಎ ಭಾಗ ಕೊನೆಗೆ ಹೀಗೆ ಬರ್ಬೇಕು:

ಮೊದಲ ಆವರ್ತ: ಸಿ
ಎರಡನೇ ಆವರ್ತ: ಡಿ ಸೆವೆನ್
ಮೂರನೇ ಆವರ್ತ: ಲಘುಗೆ ಡಿ ಮೈನರ್ ಸೆವೆನ್, ಎರಡು ದ್ರುತಕ್ಕೆ ಜಿ ಸೆವೆನ್
ನಾಲ್ಕನೇ ಆವರ್ತ: ಸಿ

ನೋಡಿ ಎಷ್ಟು ಅಚ್ಚುಕಟ್ಟು. ಲಘು ನಾಲ್ಕು ಅಕ್ಷರ, ದ್ರುತ ಎರಡು ಸೇರಿ ನಾಲ್ಕು ಅಕ್ಷರ, ಕಾರ್ಡ್ ಸರಿಯಾಗಿ ಅಲ್ಲೇ ಬದಲಾಗತ್ತೆ. ಅದೂ ಅಲ್ದೆ ಮೊದಲೆರಡು ಆವರ್ತ ಒಂದೊಂದೇ ಕಾರ್ಡು, ಮೂರನೇದ್ರಲ್ಲಿ ಎರಡು, ಅಂದ್ರೆ ಮುಗಿಯೋಕ್ಕೆ ಹತ್ರ ಬಂದ ಹಾಗೆ ಕಾರ್ಡ್ ಬೇಗ ಬೇಗ ಬದಲಾಗಿ ಆಮೇಲೆ ಸಿ ಮೇಲೆ ಬಂದು ಕೂರತ್ತೆ. ಈ ಓಟವನ್ನ ಬರ್ಕೊಳ್ಳದೆ ಬರೀ ಕಾರ್ಡ್ ಹೆಸರು ಬರ್ಕೊಂಡ್ರೆ ಅರ್ಧ ವಿಷಯ ಕೈಬಿಟ್ಟ ಹಾಗೆ.

ಈಗ ಹಿಂದಿನಿಂದ ಓದೋಣ. ಹಾಡು ಕೂರೋದು ಸಿ ಮೇಲೆ, ಅದು ನಮ್ಮ ಷಡ್ಜ, ಅದಕ್ಕೆ 1 ಅಂತ ಹಾಕಿ. ಅದಕ್ಕೆ ಹಿಂದೆ ಇರೋದು ಜಿ ಸೆವೆನ್, ಸಿ ಇಂದ ಎಣಿಸಿದ್ರೆ ಐದನೇದು, ಅದಕ್ಕೆ 5. ಜಿ ಸೆವೆನ್ ಯಾಕೆ ಸಿ ಕಡೆಗೆ ಎಳೆಯತ್ತೆ ಅಂದ್ರೆ ಅದರೊಳಗೆ ಬಿ ಮತ್ತೆ ಎಫ್ ಎರಡೂ ಇದೆ, ಸಿ ಯನ್ನ ಸ ಅಂತ ಇಟ್ಕೊಂಡ್ರೆ ಬಿ ಅಂದ್ರೆ ಕಾಕಲಿ ನಿಷಾದ, ಎಫ್ ಅಂದ್ರೆ ಶುದ್ಧ ಮಧ್ಯಮ, ನಿಷಾದಕ್ಕೆ ಮೇಲಿನ ಷಡ್ಜ ಒಂದೇ ಮನೆ (ಕೀಬೋರ್ಡಲ್ಲಿ ಕಪ್ಪು ಬಿಳಿ ಸೇರಿ ಪಕ್ಕದ ಕೀ) ದೂರ, ಮಧ್ಯಮಕ್ಕೆ ಕೆಳಗಿನ ಅಂತರ ಗಾಂಧಾರ ಒಂದೇ ಮನೆ ದೂರ, ಎರಡೂ ಹೋಗಿ ಸೇರೋದು ಸಿ ಕಾರ್ಡಿನ ಸ್ವರಗಳಿಗೇ. ಅದಕ್ಕೂ ಹಿಂದೆ ಡಿ ಮೈನರ್ ಸೆವೆನ್, ಅದಕ್ಕೆ 2. ಅಲ್ಲಿಗೆ 2-5-1 ಆಯ್ತು. ಜಾಝಲ್ಲಿ ಎಲ್ಲರೂ ಟೂ ಫೈವ್ ಒನ್, ಟೂ ಫೈವ್ ಒನ್ ಅಂತಿರ್ತಾರಲ್ಲ, ಅದು ಇದೇ. ಬೇರೆ ಯಾವ ಸ್ಟ್ಯಾಂಡರ್ಡ್ (ಜಾಝ್‌ನವರೆಲ್ಲ ನುಡಿಸೋ ಹಾಡು) ತಗೊಂಡ್ರೂ ಮೊದಲು ಪೆನ್ಸಿಲಲ್ಲಿ ಇಂಥ 2-5-1ಗಳನ್ನೆಲ್ಲ ಸುತ್ತು ಹಾಕಿ ಗುರುತು ಮಾಡ್ಬಿಟ್ರೆ ಚಾರ್ಟಿನ ಮುಕ್ಕಾಲು ಭಾಗ ಮುಗ್ದೋಗತ್ತೆ.

ಉಳಿಯೋದು ಎರಡನೇ ಆವರ್ತದ ಡಿ ಸೆವೆನ್. ಮಂಡ್ಯದಿಂದ ನಮ್ಮನೆಗೆ ಗಿಟಾರ್ ಕಲಿಯೋಕ್ಕೆ ಬರೋ ಹುಡುಗ ಒಬ್ಬ ಇದಾನೆ, ಇದನ್ನ ನುಡಿಸ್ತಾ ನುಡಿಸ್ತಾ ಅಲ್ಲೇ ನಿಲ್ಲಿಸಿ "ಅಣ್ಣ, ಸಿ ಸ್ಕೇಲಲ್ಲಿ ಡಿ ಮೈನರ್ ತಾನೆ ಬರ್ಬೇಕು, ಇಲ್ಲಿ ಮೇಜರ್ ಥರ ಕೇಳ್ತದಲ್ಲ, ಚಾರ್ಟೇ ತಪ್ಪಾಗದ ಹೆಂಗೆ?" ಅಂತ ಕೇಳ್ದ. ಈ ಪ್ರಶ್ನೆ ಬಂತು ಅಂದ್ರೆ ಅನಾಲಿಸಿಸ್ ಶುರುವಾಯ್ತು ಅಂತ ಅರ್ಥ, ಅವನಿಗೆ ಅಷ್ಟೊತ್ತಿಗಾಗ್ಲೇ ಕಿವಿಯಲ್ಲಿ ವಿಷಯ ಸಿಕ್ಕಿತ್ತು. ಚಾರ್ಟ್ ಸರಿಯಾಗೇ ಇದೆ. ಡಿ ಮೈನರ್ ಸೆವೆನ್‌ಗೂ ಡಿ ಸೆವೆನ್‌ಗೂ ಇರೋ ವ್ಯತ್ಯಾಸ ಒಂದೇ ಸ್ವರ, ಎಫ್ ಇದ್ದ ಕಡೆ ಎಫ್ ಶಾರ್ಪ್. ನಮ್ಮ ಭಾಷೇಲಿ ಹೇಳೋದಾದ್ರೆ ಶುದ್ಧ ಮಧ್ಯಮ ಇರ್ಬೇಕಾದ ಜಾಗದಲ್ಲಿ ಪ್ರತಿ ಮಧ್ಯಮ. ಶಂಕರಾಭರಣ ನುಡಿಸ್ತಿದ್ದವರು ಎರಡು ಬಾರ್ ಕಲ್ಯಾಣಿಯ ಮಧ್ಯಮ ಹಿಡಿದು ಮತ್ತೆ ವಾಪಸ್ ಬಂದ ಹಾಗೆ.

ಯಾಕೆ ಹಾಗೆ ಮಾಡಿದಾರೆ? ಹಿಂದಿನಿಂದ ಓದೋ ವಿಧಾನನೇ ಇಲ್ಲೂ ಹಾಕಿ. ಜಿ ಸೆವೆನ್, ಡಿ ಸೆವೆನ್ ಥರದ ಸೆವೆನ್ ಕಾರ್ಡ್ ಯಾವುದೇ ಇದ್ರೂ ಅದು ತನ್ನಿಂದ ಐದು ಸ್ವರ ಕೆಳಗಿರೋ ಕಾರ್ಡಿಗೆ ಎಳೆಯತ್ತೆ. ಜಿ ಸೆವೆನ್ ಸಿ ಗೆ ಎಳೆಯೋ ಹಾಗೆ ಡಿ ಸೆವೆನ್ ಜಿ ಗೆ ಎಳೆಯತ್ತೆ. ಜಿ ನಮ್ಮ 5, ಅದರ 5 ಈ ಡಿ ಸೆವೆನ್ನು, ಹಾಗಾಗಿ ಇದನ್ನ ಫೈವ್ ಆಫ್ ಫೈವ್ ಅಂತಾರೆ, ಇಂಥ ಕಾರ್ಡ್‌ಗಳಿಗೆಲ್ಲ ಒಟ್ಟಾಗಿ ಸೆಕೆಂಡರಿ ಡಾಮಿನೆಂಟ್ ಅಂತ ಹೆಸರು. ಪುಸ್ತಕದಲ್ಲಿ 5/5 ಅಂತ ಬರೀರಿ.

ಇಷ್ಟಕ್ಕೆ ನಿಲ್ಲಿಸೋರೇ ಜಾಸ್ತಿ. ಆದ್ರೆ ಈ ಹಾಡಿನ ಸೊಗಸು ಇರೋದು ಇದಾದ ಮುಂದಿನ ಹೆಜ್ಜೆಯಲ್ಲಿ. ಡಿ ಸೆವೆನ್ ನೇರವಾಗಿ ಜಿ ಗೆ ಹೋಗಲ್ಲ, ಮಧ್ಯೆ ಡಿ ಮೈನರ್ ಸೆವೆನ್ ಬರತ್ತೆ. ಎಫ್ ಶಾರ್ಪ್ ಇದ್ಯಲ್ಲ, ಆ ಪ್ರತಿ ಮಧ್ಯಮ, ಅದು ಪಂಚಮಕ್ಕೆ ಏರ್ಬೇಕು ಅಂತ ಕಿವಿ ಕಾಯ್ತಿರತ್ತೆ, ಸ್ಟ್ರೇಹಾರ್ನ್ ಅದನ್ನ ಏರಿಸೋ ಬದ್ಲು ಒಂದು ಮನೆ ಇಳಿಸಿ ಶುದ್ಧ ಮಧ್ಯಮ ಮಾಡ್ತಾರೆ. ಇದನ್ನ ಓದಿದ್ರೆ ಸಾಲ್ದು, ನುಡಿಸ್ಲೇಬೇಕು. ಕೀಬೋರ್ಡಲ್ಲಿ ಎಡಗೈಲಿ ರೂಟ್‌ಗಳನ್ನ ಮಾತ್ರ ಹಿಡಿದು ಬಲಗೈಲಿ ಒಂದೇ ಬೆರಳಲ್ಲಿ ಇಷ್ಟು ನುಡಿಸಿ: ಸಿ ಕಾರ್ಡಿಗೆ ಜಿ, ಡಿ ಸೆವೆನ್‌ಗೆ ಎಫ್ ಶಾರ್ಪ್, ಡಿ ಮೈನರ್ ಸೆವೆನ್‌ಗೆ ಎಫ್, ಜಿ ಸೆವೆನ್‌ಗೆ ಅದೇ ಎಫ್, ವಾಪಸ್ ಸಿ ಬಂದಾಗ ಇ. ಹಾಡಿ ನೋಡಿ, ಪ, ಪ್ರತಿ ಮ, ಶುದ್ಧ ಮ, ಗ. ಒಂದೊಂದೇ ಮನೆ ಇಳೀತಾ ಬರೋ ನಾಲ್ಕು ಸ್ವರ. ಎ ಭಾಗದ ಎಂಟೂ ಬಾರ್ ಈ ಒಂದು ಎಳೆ ಮೇಲೆ ನಿಂತಿದೆ, ಡಿ ಸೆವೆನ್ ಯಾಕೆ ಬೇಕಾಯ್ತು ಅನ್ನೋದಕ್ಕೆ ನನ್ನ ಪ್ರಕಾರ ಫೈವ್ ಆಫ್ ಫೈವ್ ಅನ್ನೋದಕ್ಕಿಂತ ಇದು ಒಳ್ಳೆ ಉತ್ತರ.

ಗಿಟಾರಿನವರು ನಾಲ್ಕನೇ ತಂತಿಯಲ್ಲಿ ಐದನೇ ಫ್ರೆಟ್, ನಾಲ್ಕು, ಮೂರು, ಎರಡು ಅಂತ ಇಳಿದ್ರೆ ಇದೇ ಎಳೆ ಸಿಗತ್ತೆ. ಅದಕ್ಕೆ ಮೂರನೇ ತಂತಿಯನ್ನೂ ಸೇರಿಸ್ಕೊಳ್ಳಿ. ಸಿ ಗೆ ಎರಡೂ ತಂತಿ ಐದನೇ ಫ್ರೆಟ್ಟಲ್ಲಿ, ಡಿ ಸೆವೆನ್‌ಗೆ ನಾಲ್ಕನೇ ತಂತಿ ನಾಲ್ಕಕ್ಕೆ ಬರತ್ತೆ ಮೂರನೇದು ಐದರಲ್ಲೇ ಇರತ್ತೆ, ಡಿ ಮೈನರ್ ಸೆವೆನ್‌ಗೆ ನಾಲ್ಕನೇ ತಂತಿ ಮೂರಕ್ಕೆ ಇಳಿಯತ್ತೆ ಇನ್ನೊಂದು ಅಲ್ಲೇ, ಜಿ ಸೆವೆನ್‌ಗೆ ನಾಲ್ಕನೇ ತಂತಿ ಅಲ್ಲೇ ಇದ್ದು ಮೂರನೇದು ನಾಲ್ಕಕ್ಕೆ ಇಳಿಯತ್ತೆ, ಕೊನೆಗೆ ಎರಡೂ ಎರಡನೇ ಫ್ರೆಟ್ಟು. ಎರಡೇ ಬೆರಳಲ್ಲಿ ಇಡೀ ಎ ಭಾಗ. ಬೇಸ್ ಒಬ್ರು ಜತೆಗಿದ್ರೆ ಇದಕ್ಕಿಂತ ಜಾಸ್ತಿ ಬೇಕಾಗಲ್ಲ. ಕೌಂಟ್ ಬೇಸಿ ಬ್ಯಾಂಡಲ್ಲಿ 1937ರಿಂದ ಗಿಟಾರ್ ಹಿಡಿದು ಕೂತಿದ್ದ ಫ್ರೆಡ್ಡಿ ಗ್ರೀನ್ ಬಾರಿಗೆ ನಾಲ್ಕು ಏಟು ಸಮನಾಗಿ ಹೊಡೀತಾ ಇಂಥ ಸಣ್ಣ ಸಣ್ಣ ಹಿಡಿತಗಳಲ್ಲೇ ಇಡೀ ಬ್ಯಾಂಡನ್ನ ನಡೆಸ್ತಿದ್ರು. ಒಂದು ಬೆರಳನ್ನ ಅಡ್ಡಕ್ಕೆ ಒತ್ತಿ ಆರೂ ತಂತಿ ಮೀಟೋ ಕಾರ್ಡ್ ಈ ಸಂಗೀತಕ್ಕೆ ಭಾರ ಆಗತ್ತೆ.

ಇನ್ನು ರಾಗದ ಕಡೆ, ಅಂದ್ರೆ ಹಾಡಿನ ಮೆಲೊಡಿ ಕಡೆ ಬನ್ನಿ. ಡಿ ಸೆವೆನ್ ಶುರುವಾಗೋ ಜಾಗದಲ್ಲಿ ಮೆಲೊಡಿ ಒಂದು ಸ್ವರದ ಮೇಲೆ ಬಂದು ನಿಲ್ಲತ್ತೆ, ಅದು ಜಿ ಶಾರ್ಪ್, ನಮ್ಮ ಲೆಕ್ಕಕ್ಕೆ ಶುದ್ಧ ಧೈವತ. ಡಿ ಸೆವೆನ್‌ನಲ್ಲಿ ಇರೋದು ಡಿ, ಎಫ್ ಶಾರ್ಪ್, ಎ, ಸಿ, ಇದರಲ್ಲಿ ಜಿ ಶಾರ್ಪ್ ಎಲ್ಲೂ ಇಲ್ಲ. ಅದಕ್ಕೇ ಚಾರ್ಟ್‌ಗಳಲ್ಲಿ ಈ ಜಾಗದಲ್ಲಿ ಡಿ ಸೆವೆನ್ ಫ್ಲಾಟ್ ಫೈವ್ ಅಂತಾನೋ ಡಿ ಸೆವೆನ್ ಶಾರ್ಪ್ ಇಲೆವೆನ್ ಅಂತಾನೋ ಬರೆದಿರ್ತಾರೆ. ಹೆಸರು ಉದ್ದ ಇದೆ ಅಂತ ಹೆದರ್ಬೇಡಿ, ಮೆಲೊಡಿ ಯಾವ ಸ್ವರದ ಮೇಲೆ ನಿಂತಿದೆಯೋ ಅದನ್ನ ಕಾರ್ಡಿನ ಹೆಸರಲ್ಲೇ ಸೇರಿಸಿ ಹೇಳಿದಾರೆ ಅಷ್ಟೇ. ಚಾರ್ಟಲ್ಲಿ ಇಂಥ ಬಾಲ ಇರೋ ಹೆಸರು ಕಂಡಾಗೆಲ್ಲ ಮೊದ್ಲು ಮೆಲೊಡಿ ನೋಡಿ, ಎಷ್ಟೋ ಸಲ ಕಾರಣ ಅಲ್ಲೇ ಸಿಗತ್ತೆ. ಇನ್ನೊಂದು ಮಜಾ ಏನಂದ್ರೆ ಮುನ್ನುಡಿಯ ಪಿಯಾನೋ ಇಳಿಯೋದು ಹೋಲ್ ಟೋನ್ ಸ್ಕೇಲಲ್ಲಿ, ಅಂದ್ರೆ ಎಲ್ಲ ಸ್ವರಗಳ ಮಧ್ಯೆನೂ ಎರಡೆರಡು ಮನೆ ಅಂತರ ಇರೋ ಸ್ಕೇಲು, ಡಿ, ಎಫ್ ಶಾರ್ಪ್, ಜಿ ಶಾರ್ಪ್, ಸಿ ಈ ನಾಲ್ಕೂ ಒಂದೇ ಹೋಲ್ ಟೋನ್ ಸ್ಕೇಲಿಗೆ ಸೇರಿದ ಸ್ವರಗಳೇ. ಮೂರನೇ ಬಾರಲ್ಲಿ ಬರೋ ಆ ವಿಚಿತ್ರ ಬಣ್ಣವನ್ನ ಮುನ್ನುಡಿಯಲ್ಲೇ ಕಿವಿಗೆ ಹಾಕಿಟ್ಟಿರ್ತಾರೆ.

ಪಿಟೀಲು, ವೀಣೆ ಕಲಿತಿರೋರು ಇಲ್ಲಿ ತಕ್ಷಣ ಹೇಳ್ತಾರೆ, ಪ್ರತಿ ಮಧ್ಯಮ, ಶುದ್ಧ ಧೈವತ, ಮಿಕ್ಕಿದ್ದೆಲ್ಲ ಶಂಕರಾಭರಣದ ಸ್ವರ ಅಂದ್ರೆ ಅದು 63ನೇ ಮೇಳ ಲತಾಂಗಿ ಅಲ್ವಾ ಅಂತ. ಸ್ವರದ ಲೆಕ್ಕಕ್ಕೆ ಹೌದು, ಆ ಎರಡು ಬಾರಲ್ಲಿ ಸೋಲೋ ನುಡಿಸುವಾಗ ಲತಾಂಗಿ ಸ್ವರಗಳನ್ನ ನೆನಪಿಟ್ಕೊಂಡ್ರೆ ಬೆರಳು ಸರಿಯಾದ ಜಾಗಕ್ಕೆ ಹೋಗತ್ತೆ. ಆದ್ರೆ ಅದನ್ನ ರಾಗ ಅಂತ ತಗೋಬೇಡಿ, ಎಂಟು ಬೀಟಲ್ಲಿ ಯಾವ ರಾಗನೂ ಮುಖ ತೋರ್ಸಲ್ಲ, ಗಮಕಕ್ಕೂ ಅಲ್ಲಿ ಜಾಗ ಇಲ್ಲ. ನಮ್ಮ ಊರಲ್ಲಿ ಈ ಎರಡೂ ಕಡೆಯ ಕಿವಿ ಇರೋದು ಹೊಸದೇನಲ್ಲ. ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನ ರಚಿಸಿದ್ರು, ಅದೇ ಕೈಯಲ್ಲಿ ಪಿಯಾನೋ ಕಲಿತ್ರು, ರಷ್ಯಾದ ನಿಕೊಲಾಯ್ ಮೆಡ್ಟ್ನರ್ ಅವರ ಸಂಗೀತ ಲಂಡನ್ನಲ್ಲಿ ರೆಕಾರ್ಡ್ ಆಗೋದಕ್ಕೆ ದುಡ್ಡು ಕೊಟ್ಟು ನಿಂತಿದ್ದು ಮೈಸೂರಿನ ಇದೇ ಮಹಾರಾಜರು. ದಸರಾದಲ್ಲಿ ಪೊಲೀಸ್ ಬ್ಯಾಂಡಿನ ಟ್ರಂಪೆಟ್, ಸ್ಯಾಕ್ಸೋಫೋನ್ ಕೇಳಿ ಬೆಳೆದಿರೋ ನಮಗೆ ಎಲಿಂಗ್ಟನ್ ಬ್ಯಾಂಡಿನ ದನಿ ಪರಕೀಯ ಅನ್ನಿಸ್ಬೇಕಾಗಿಲ್ಲ.

ಬ್ರಿಡ್ಜಿಗೆ ಹೋಗೋಣ. ಇದೂ ನಾಲ್ಕೇ ಆವರ್ತ. ಮೊದಲೆರಡು ಆವರ್ತ ಪೂರ್ತಿ ಎಫ್, ಮೂರನೇದು ಡಿ ಸೆವೆನ್, ನಾಲ್ಕನೇದು ಲಘುಗೆ ಡಿ ಮೈನರ್ ಸೆವೆನ್, ದ್ರುತಗಳಿಗೆ ಜಿ ಸೆವೆನ್. ಎಲ್ಲೋ ನೋಡಿದೀವಿ ಅನ್ಸತ್ತಲ್ವಾ? ಎ ಭಾಗದ ಎರಡು ಮತ್ತು ಮೂರನೇ ಆವರ್ತ ಏನಿತ್ತೋ ಅದೇ ಇಲ್ಲಿ ಮೂರು ಮತ್ತು ನಾಲ್ಕನೇ ಆವರ್ತಕ್ಕೆ ಬಂದು ಕೂತಿದೆ, ಅಷ್ಟೂ ಸ್ವರ, ಅಷ್ಟೂ ಬೀಟು, ಒಂಚೂರೂ ಬದಲಾಗಿಲ್ಲ. ಜಾಗ ಮಾತ್ರ ಒಂದು ಆವರ್ತ ಮುಂದಕ್ಕೆ ಸರಿದಿದೆ. ಎ ಭಾಗದಲ್ಲಿ ಅದು ಮಾತಿನ ಮಧ್ಯೆ ಬಂದು ಅಲ್ಲೇ ಸಿ ಮೇಲೆ ಮುಗಿಯತ್ತೆ, ಬ್ರಿಡ್ಜಲ್ಲಿ ಅದು ಕೊನೇಲಿ ಬರೋದ್ರಿಂದ ಮುಗಿಯೋಕ್ಕೆ ಮುಂದಿನ ಎ ಭಾಗದ ಮೊದಲ ಸಿ ಬೇಕು, ಹಾಗಾಗಿ ಕೊನೇ ಎ ಭಾಗ ಶುರುವಾದಾಗ ಮನೆಗೆ ಬಂದ ಹಾಗೆ ಅನ್ಸತ್ತೆ. ಅಂದ್ರೆ ಬ್ರಿಡ್ಜಲ್ಲಿ ನಿಜವಾಗ್ಲೂ ಹೊಸದು ಅಂತ ಇರೋದು ಆ ನಾಲ್ಕು ಬಾರಿನ ಎಫ್ ಒಂದೇ.

ಈಗ ಇಡೀ ಹಾಡಿನ ಲೆಕ್ಕ ಹಾಕಿ. 32 ಬಾರಲ್ಲಿ ಸಿ 12, ಡಿ ಸೆವೆನ್ 8, ಡಿ ಮೈನರ್ ಸೆವೆನ್ 4, ಜಿ ಸೆವೆನ್ 4, ಎಫ್ 4. ಹಾಡಿನ ಕಾಲು ಭಾಗ ಆ ಪ್ರತಿ ಮಧ್ಯಮದ ಕಾರ್ಡ್ ಮೇಲೆ ಇದೆ. ಯಾವ ಹಾಡಿಗಾದ್ರೂ ಇಂಥ ಒಂದು ಲೆಕ್ಕ ಹಾಕ್ಕೊಳ್ಳಿ, ಸಂಯೋಜಕರಿಗೆ ಯಾವುದರ ಮೇಲೆ ಮನಸ್ಸಿತ್ತು ಅಂತ ಕಾಣತ್ತೆ.

ಬ್ರಿಡ್ಜಿನ ಎಫ್ ಬಗ್ಗೆ ಒಂದು ವಾದ ಇದೆ, ಅಲ್ಲಿ ಶ್ರುತಿನೇ ಎಫ್‌ಗೆ ಹೋಯ್ತು ಅಂತ ಕೆಲವರು, ಇಲ್ಲ ಅದು ಸಿ ಶ್ರುತಿಯ 4 ಅಷ್ಟೇ ಅಂತ ಇನ್ನು ಕೆಲವರು. ನನ್ನ ಪ್ರಕಾರ 4 ಅಂತಾನೇ ಬರೀಬೇಕು. ಪರೀಕ್ಷೆ ಮಾಡೋಕ್ಕೆ ನಮ್ಮ ಹತ್ರ ಒಳ್ಳೆ ಸಾಧನ ಇದೆ, ಫೋನಲ್ಲಿರೋ ತಂಬೂರಿ ಆಪ್. ಸಿ ಗೆ ಶ್ರುತಿ ಇಟ್ಟು, ಪಂಚಮದ ತಂತಿ ಬಿಟ್ಟು ಬರೀ ಷಡ್ಜ ಹಾಕ್ಕೊಂಡು ಅದರ ಮೇಲೆ ಕಾರ್ಡ್‌ಗಳನ್ನ ನಿಧಾನಕ್ಕೆ ನುಡಿಸ್ತಾ ಹೋಗಿ. ಎಫ್ ಕಾರ್ಡಲ್ಲಿ ಸಿ ಇದ್ದೇ ಇದೆ, ಆರಾಮಾಗಿ ಕೂರತ್ತೆ, ಡಿ ಸೆವೆನ್‌ನಲ್ಲೂ ಡಿ ಮೈನರ್ ಸೆವೆನ್‌ನಲ್ಲೂ ಸಿ ಇದೆ. ಜಿ ಸೆವೆನ್ ಬಂದಾಗ ಮಾತ್ರ ಬಿ ಗೂ ತಂಬೂರಿಗೂ ಉಜ್ಜತ್ತೆ, ಆದ್ರೆ ಮುಂದಿನ ಸಿ ಬಂದ ತಕ್ಷಣ ಸರಿಹೋಗತ್ತೆ, ಆ ಉಜ್ಜೋದೇ 5ರ ಕೆಲಸ. ಅಂದ್ರೆ 32 ಬಾರಲ್ಲಿ ಎಲ್ಲೂ ಷಡ್ಜ ಅಲ್ಲಾಡಿಲ್ಲ. ಇದನ್ನೇ ಬಾಡಿ ಅಂಡ್ ಸೋಲ್ ಹಾಡಿನ ಮೇಲೆ ಮಾಡಿ ನೋಡಿ, ಕೋಲ್ಮನ್ ಹಾಕಿನ್ಸ್ 1939ರಲ್ಲಿ ನುಡಿಸಿದ್ದು ಬಹಳ ಪ್ರಸಿದ್ಧ, ಆ ಹಾಡಿನ ಶ್ರುತಿ ಡಿ ಫ್ಲಾಟು, ಬ್ರಿಡ್ಜಿಗೆ ಬಂದಾಗ ಒಂದು ಮನೆ ಮೇಲೆ ಡಿ ಮೇಜರ್‌ಗೆ ಹೋಗತ್ತೆ, ತಂಬೂರಿ ಜತೆ ತಡ್ಕೊಳ್ಳೋಕ್ಕೇ ಆಗಲ್ಲ. ಅದು ನಿಜವಾದ ಶ್ರುತಿ ಬದಲಾವಣೆ, ಅಲ್ಲಿ ಹೊಸ 1 ಇಟ್ಕೊಂಡು ನಂಬರ್ ಹಾಕ್ಬೇಕು.

ಇಷ್ಟಾದ್ಮೇಲೆ ಚಾರ್ಟ್ ತೆಗೀರಿ. ನೀವು ಬರ್ಕೊಂಡಿರೋದಕ್ಕಿಂತ ಜಾಸ್ತಿ ಕಾರ್ಡ್ ಅದರಲ್ಲಿ ಇರತ್ತೆ, ಗಾಬರಿ ಬೇಡ. ಎ ಭಾಗದ ಕೊನೇ ಆವರ್ತದಲ್ಲಿ ಸಿ ಒಂದೇ ಇರೋ ಬದ್ಲು ಸಿ, ಎ ಸೆವೆನ್, ಡಿ ಮೈನರ್ ಸೆವೆನ್, ಜಿ ಸೆವೆನ್ ಅಂತ ತುಂಬಿಸಿರ್ಬಹುದು. ಹಿಂದಿನಿಂದ ಓದಿ, ಮುಂದೆ ಬರೋದು ಸಿ, ಅದಕ್ಕೆ ಜಿ ಸೆವೆನ್, ಅದಕ್ಕೆ ಡಿ ಮೈನರ್, ಡಿ ಗೆ ಎಳೆಯೋದು ಎ ಸೆವೆನ್. ಇದಕ್ಕೆ ಟರ್ನ್‌ಅರೌಂಡ್ ಅಂತಾರೆ, ಸುಮ್ನೆ ಕೂತಿರೋ ಎರಡು ಬಾರಲ್ಲಿ ಒಂದು ಸುತ್ತು ಹಾಕಿ ಅಲ್ಲಿಗೇ ಬರೋದು. ಎರಡನೇ ಎ ಭಾಗದ ಕೊನೇಲಿ ಜಿ ಮೈನರ್ ಸೆವೆನ್, ಸಿ ಸೆವೆನ್ ಕಂಡ್ರೆ ಅದು ಬ್ರಿಡ್ಜಿನ ಎಫ್‌ಗೆ ಹೋಗೋ 2-5, ಸಿ ಸೆವೆನ್‌ನಲ್ಲಿ ಕೈಶಿಕಿ ನಿಷಾದ ಬಂದಿರೋದೇ ಅದಕ್ಕೆ. ಇವೆಲ್ಲ ನುಡಿಸೋರು ಸೇರಿಸ್ಕೊಂಡಿದ್ದು, ಹಾಡಿನ ಎಲುಬು ನೀವು ಕಿವಿಯಲ್ಲಿ ಹಿಡಿದಿದ್ದೇ. ಇನ್ನೊಂದು, ಚಾರ್ಟಲ್ಲಿ ಸಿ ಮೇಜರ್ ಸೆವೆನ್ ಅಂತ ಇದ್ರೂ ಸ್ವಿಂಗ್ ಕಾಲದ ದನಿ ಬೇಕು ಅಂದ್ರೆ ಸಿ ಸಿಕ್ಸ್ ಹಾಕಿ, ಅಂದ್ರೆ ಸಿ, ಇ, ಜಿ, ಎ. ಆಗಿನ ಬ್ಯಾಂಡ್‌ಗಳು ಹಾಡು ಬಂದು ಕೂರೋ 1ನೇ ಕಾರ್ಡಿಗೆ ಹೆಚ್ಚಾಗಿ ಹಾಕ್ತಿದ್ದಿದ್ದು ಅದನ್ನೇ, ಮೇಜರ್ ಸೆವೆನ್ನಿನ ಮೆತ್ತಗಿನ ದನಿ ಆಮೇಲಿನ ರುಚಿ.

ನಂಬರ್ ಹಾಕ್ಕೊಂಡಿದ್ದಕ್ಕೆ ಪ್ರಯೋಜನ ಏನು ಅಂತ ಅದೇ ರೆಕಾರ್ಡಿಂಗಿನ ಕೊನೇ ಸುತ್ತಲ್ಲಿ ಗೊತ್ತಾಗತ್ತೆ, ಅಲ್ಲಿ ಬ್ಯಾಂಡು ಇಡೀ ಹಾಡನ್ನ ಸಿ ಇಂದ ಇ ಫ್ಲಾಟ್‌ಗೆ ಎತ್ತತ್ತೆ. 1, 2 ಸೆವೆನ್, 2 ಮೈನರ್, 5, 1, ಬ್ರಿಡ್ಜಿಗೆ 4 ಅಂತ ಬರ್ಕೊಂಡಿರೋರಿಗೆ ಹೊಸದಾಗಿ ಕಲಿಯೋದೇನಿಲ್ಲ, ಇ ಫ್ಲಾಟ್, ಎಫ್ ಸೆವೆನ್, ಎಫ್ ಮೈನರ್ ಸೆವೆನ್, ಬಿ ಫ್ಲಾಟ್ ಸೆವೆನ್, ಮತ್ತೆ ಇ ಫ್ಲಾಟ್, ಬ್ರಿಡ್ಜಿಗೆ ಎ ಫ್ಲಾಟ್. ಎಳೆ ಅದೇ ಪ ಮ ಮ ಗ, ಸ್ವರ ಬಿ ಫ್ಲಾಟ್, ಎ, ಎ ಫ್ಲಾಟ್, ಜಿ. ಗಿಟಾರಿನವರು ಅದೇ ಎರಡು ತಂತಿ ಹಿಡಿತವನ್ನ ಮೂರು ಫ್ರೆಟ್ ಮೇಲಕ್ಕೆ ಸರಿಸಿದ್ರೆ ಸಾಕು.

ಈ ಎಳೆ ಒಂದ್ಸಲ ಕಿವಿಗೆ ಬಿತ್ತು ಅಂದ್ರೆ ಬೇರೆ ಬೇರೆ ಕಡೆ ಸಿಗ್ತಾನೇ ಇರತ್ತೆ. ಬ್ರೆಜಿಲ್‌ನ ಆಂಟೋನಿಯೋ ಕಾರ್ಲೋಸ್ ಜೋಬಿಂ ಅವರ ದಿ ಗರ್ಲ್ ಫ್ರಮ್ ಇಪನೇಮಾ ಶುರುವಾಗೋದು ಎಫ್, ಜಿ ಸೆವೆನ್, ಜಿ ಮೈನರ್ ಸೆವೆನ್ ಅಂತ, ಅಲ್ಲಿ 5ರ ಜಾಗದಲ್ಲಿ ಸಿ ಸೆವೆನ್ ಬದಲು ಜಿ ಫ್ಲಾಟ್ ಸೆವೆನ್ ಹಾಕಿದಾರೆ, ಆದ್ರೂ ಒಳಗಿನ ಎಳೆ ಸಿ, ಬಿ, ಬಿ ಫ್ಲಾಟ್, ಎ, ಅದೇ ನಾಲ್ಕು ಹೆಜ್ಜೆ.

ಮುಂದಿನ ಹಾಡಿಗೆ 1931ರ ಆಲ್ ಆಫ್ ಮಿ ತಗೊಳ್ಳಿ, ಜೆರಾಲ್ಡ್ ಮಾರ್ಕ್ಸ್ ಮತ್ತು ಸೀಮೋರ್ ಸೈಮನ್ಸ್ ಬರೆದಿದ್ದು, ಇದು ಎಎಬಿಎ ಅಲ್ಲ, 16 ಬಾರಿನ ಎರಡು ಅರ್ಧ. ಮೊದಲ ಅರ್ಧದಲ್ಲಿ ಆವರ್ತಕ್ಕೊಂದು ಕಾರ್ಡ್ ಹೀಗಿದೆ: ಸಿ, ಇ ಸೆವೆನ್, ಎ ಸೆವೆನ್, ಡಿ ಮೈನರ್, ಮತ್ತೆ ಇ ಸೆವೆನ್, ಎ ಮೈನರ್, ಡಿ ಸೆವೆನ್, ಕೊನೇ ಆವರ್ತಕ್ಕೆ ಡಿ ಮೈನರ್ ಸೆವೆನ್ ಮತ್ತು ಜಿ ಸೆವೆನ್. ಕೊನೇ ಎರಡು ಆವರ್ತ ನಿಮಗೆ ಆಗ್ಲೇ ಗೊತ್ತು, ಅದನ್ನ ಸುತ್ತು ಹಾಕಿ ಪಕ್ಕಕ್ಕಿಡಿ. ಉಳಿದಿದ್ದರಲ್ಲಿ ಮೊದಲು ಡಿ ಮೈನರ್ ಮೇಲೆ ಬೆರಳಿಟ್ಟು ಅಲ್ಲಿಂದ ಹಿಂದಕ್ಕೆ ಹೋಗಿ. ಎ ಸೆವೆನ್ ಯಾಕೆ ಬಂತು, ಅದಕ್ಕೂ ಹಿಂದಿನ ಇ ಸೆವೆನ್ ಯಾಕೆ ಬಂತು ಅಂತ ಬರ್ಕೊಳ್ಳಿ, ಆಮೇಲೆ ಎರಡನೇ ಸಲ ಬರೋ ಇ ಸೆವೆನ್ ಮೊದಲನೇದಕ್ಕಿಂತ ಬೇರೆ ಥರ ಯಾಕೆ ಕೇಳ್ಸತ್ತೆ ಅಂತ ಅದರ ಮುಂದಿನ ಕಾರ್ಡ್ ನೋಡಿ ಹೇಳಿ. ಷಡ್ಜದ ತಂಬೂರಿ ಹಾಕ್ಕೊಂಡೇ ಮಾಡಿ, ಎ ಸೆವೆನ್‌ನಲ್ಲಿರೋ ಸಿ ಶಾರ್ಪ್, ಆ ಶುದ್ಧ ರಿಷಭ, ಷಡ್ಜಕ್ಕೆ ತಗುಲಿ ನಿಂತ ಕ್ಷಣವೇ ಅದು ಡಿ ಗೆ ಹೋಗ್ಬೇಕು ಅಂತ ಕಿವಿ ಕೇಳೋಕ್ಕೆ ಶುರು ಮಾಡತ್ತೆ.